ಹನ್ನೆರಡು ಪಾಯಿಂಟ್ ಮೂರು

ಮಿಸ್ ಇಸಿಲ್ಡಾ ಆ ಸೀಸೆ ಕೊಡದೇ ಇದ್ದಿದ್ದರೆ ಜೆವಾನ್ ಇವತ್ತು ಕಿಂಗ್‌ಸ್ಟನ್ನಿನಲ್ಲಿ ಇರುತ್ತಿದ್ದ ಎಂದು ಪಂಪ್ಕಿನ್ ಬಾಟಮ್ ಊರಿನ ಅರ್ಧ ಜನ ಹೇಳುತ್ತಾರೆ. ಸೀಸೆ ಕೊಟ್ಟದ್ದು ತಪ್ಪಲ್ಲ, ಅವನು ಅದನ್ನು ತನ್ನ ಕಾಲಿಗೇ ಹಚ್ಚಿಕೊಳ್ಳಬೇಕಿತ್ತು ಎಂದು ಇನ್ನರ್ಧ ಜನ ಹೇಳುತ್ತಾರೆ. ಜೆವಾನ್ ಮಾತ್ರ ಏನೂ ಹೇಳುವುದಿಲ್ಲ. ಅವನು ಈಗ ಇರುವ ಜಾಗದಲ್ಲಿ ಬಾಯಿ ತೆರೆದರೆ ಕೋಳಿ ಪುಕ್ಕ ಒಳಗೆ ಹೋಗುತ್ತದೆ.

ಅದು ಜುಲೈ ತಿಂಗಳ ಒಂದು ಗುರುವಾರ. ಬೆಳಗ್ಗೆ ಆರೂವರೆಗೆ ಜೆವಾನ್ ಸೊಂಟಕ್ಕೆ ಹಳೇ ಟೈರು ಕಟ್ಟಿಕೊಂಡು ಚರ್ಚಿನ ದಿಬ್ಬ ಹತ್ತಿ ಓಡುತ್ತಿದ್ದಾಗ ಅಜ್ಜಿಯ ಫೋನಿಗೆ ಕರೆ ಬಂತು. ಕಿಂಗ್‌ಸ್ಟನ್ನಿನ ದೊಡ್ಡ ಹೈಸ್ಕೂಲೊಂದರ ಓಟದ ಕೋಚ್ ಟಲ್ಲಕ್ ಮಾತಾಡಿದರು. ಶನಿವಾರ ಬರಬೇಕಾಗಿದ್ದವರು ಇವತ್ತೇ ಸಂಜೆ ನಾಲ್ಕಕ್ಕೆ ಬರುತ್ತಾರಂತೆ. ಹುಡುಗ ನೂರು ಮೀಟರನ್ನು ಹನ್ನೊಂದು ಸೆಕೆಂಡಿನ ಒಳಗೆ ಓಡಿ ತೋರಿಸಿದರೆ ಸೆಪ್ಟೆಂಬರಿನಿಂದ ಅವರ ಶಾಲೆಯಲ್ಲಿ ಜಾಗ, ಊಟ, ಹಾಸಿಗೆ, ಮಾರ್ಚಿನಲ್ಲಿ ಸ್ಟೇಡಿಯಂ ತುಂಬಾ ಜನರ ಮುಂದೆ ಚಾಂಪ್ಸ್, ಅಂದರೆ ದ್ವೀಪದ ಶಾಲೆಗಳೆಲ್ಲ ಸೇರುವ ಓಟ.

ಓಡದಿದ್ದರೆ ಏನು ಎಂಬುದೂ ಗೊತ್ತಾಗಿಯೇ ಇತ್ತು. ಚಿಕ್ಕಪ್ಪ ರಾಯ್ ಕೋಳಿ ಅಂಗಡಿಯಲ್ಲಿ ಪುಕ್ಕ ಕೀಳಲು ಒಬ್ಬ ಬೇಕು ಎಂದು ಈಸ್ಟರಿನಿಂದ ಕೇಳುತ್ತಿದ್ದ. ಅಜ್ಜಿ ಮಿಸ್ ಪರ್ಲೀನ್, "ಕೋಚ್ ಬೇಡ ಅಂದ್ರೆ ಸೋಮವಾರದಿಂದ್ಲೇ ಕಳಿಸ್ತೀನಿ" ಎಂದು ಮಾತು ಕೊಟ್ಟಿದ್ದಳು. ಜೆವಾನ್‌ಗೆ ಬಿಸಿನೀರಲ್ಲಿ ಅದ್ದಿದ ಕೋಳಿಯ ವಾಸನೆ ನೆನಪಾದರೆ ಸಾಕು, ದಿಬ್ಬ ತಾನಾಗಿಯೇ ಇಳಿಜಾರಾಗುತ್ತಿತ್ತು.

ಅವನು ಮನೆಗೆ ಬರುವ ಹೊತ್ತಿಗೆ ಪಕ್ಕದ ಮನೆಯ ಮಿಸ್ ಇಸಿಲ್ಡಾ ಬೇಲಿಯ ಮೇಲೆ ಮೊಣಕೈ ಊರಿ ನಿಂತಿದ್ದಳು. ಕೈಯಲ್ಲಿ ಅರ್ಧ ತುಂಬಿದ ಸಣ್ಣ ರಮ್ ಸೀಸೆ. ಒಳಗೆ ಪಿಮೆಂಟೊ ಎಲೆ, ಜಾಯಿಕಾಯಿ, ಶುಂಠಿ, ಕರ್ಪೂರ, ಅವಳು ಸತ್ತರೂ ಹೆಸರು ಹೇಳದ ಏಳು ಬೇರು, ಅಷ್ಟೂ ಮುಳುಗುವಷ್ಟು ಬಿಳಿ ರಮ್. ಮೂರು ತಿಂಗಳು ಬಾಳೆ ಬುಡದಲ್ಲಿ ಹೂತಿಟ್ಟು ತೆಗೆದದ್ದು.

"ಮೂರು ಗಂಟೆಗೆ ಮೀನಖಂಡಕ್ಕೆ ಹಚ್ಕೋ ಮಗಾ. ಪೂರ್ತಿ ನೀನೇ ಹಚ್ಕೋಬೇಕು. ಊರೋರಿಗೆಲ್ಲ ಹಂಚಕ್ಕಲ್ಲ ನಾನು ಕೊಟ್ಟಿರೋದು."

"ಆಯ್ತು ಮಿಸ್ ಇಸಿಲ್ಡಾ."

"ಹಚ್ಚಿದ ಮೇಲೆ ನಾನು ಬಂದು ಮೂಸಿ ನೋಡ್ತೀನಿ."

ಜೆವಾನ್ ಸೀಸೆಯನ್ನು ಚಡ್ಡಿಯ ಜೇಬಿಗೆ ಹಾಕಿಕೊಂಡ.

ಕೋಚ್ ಇವತ್ತೇ ಬರುತ್ತಾರೆ ಎಂಬ ಸುದ್ದಿ ಎಂಟು ಗಂಟೆಯೊಳಗೆ ಊರೆಲ್ಲ ಹರಡಿತು. ಅಲ್ಲಿಂದ ಜೆವಾನ್‌ನ ಹೊಟ್ಟೆಗೆ ಕಷ್ಟಕಾಲ ಶುರುವಾಯಿತು.

ಈ ಊರಿನ ಜನ ನಾಲ್ಕು ವರ್ಷದಿಂದ ಅವನ ಓಟದಲ್ಲಿ ಪಾಲುದಾರರು. ಊರಿನವರು ಗೌರವಕ್ಕೆ ಮಾಸ್ ಎಂದು ಕರೆಯುವ ವರ್ನಲ್ ಅವರ ಅಂಗಡಿಯ ಗೋಡೆ ಮೇಲೆ ನೀಲಿ ಬಣ್ಣದಲ್ಲಿ ಅವನ ಲೆಕ್ಕ ಬರೆದಿತ್ತು. ಪ್ರತಿ ಜನವರಿ ಶಾಲೆಯ ಕ್ರೀಡಾದಿನ ಮುಗಿದ ಕೂಡಲೇ ಮಾಸ್ ವರ್ನಲ್ ಏಣಿ ಹಾಕಿ ಒಂದು ಸಾಲು ಸೇರಿಸುತ್ತಿದ್ದರು. ಹದಿಮೂರನೇ ವಯಸ್ಸಿನಲ್ಲಿ ಹನ್ನೆರಡು ಪಾಯಿಂಟ್ ಮೂರು ಸೆಕೆಂಡು. ಹದಿನಾಲ್ಕಕ್ಕೆ ಹನ್ನೊಂದು ಪಾಯಿಂಟ್ ಒಂಬತ್ತು. ಹದಿನೈದಕ್ಕೆ ಹನ್ನೊಂದು ಪಾಯಿಂಟ್ ನಾಲ್ಕು. ಈ ಜನವರಿಯಲ್ಲಿ, ಹದಿನಾರಕ್ಕೆ, ಹತ್ತು ಪಾಯಿಂಟ್ ಒಂಬತ್ತು. ಆ ಕೊನೇ ಸಾಲಿನ ಕೆಳಗೆ ಎರಡು ಗೆರೆ ಎಳೆದಿತ್ತು.

ಸುಧಾರಿಸಿದ ಒಂದೊಂದು ಹತ್ತನೇ ಭಾಗಕ್ಕೂ ಊರಿನಲ್ಲಿ ಒಬ್ಬೊಬ್ಬ ಒಡೆಯ ಇದ್ದ. ಮೊದಲ ವರ್ಷದ ಪಾಯಿಂಟ್ ನಾಲ್ಕು ತನ್ನ ಹಳದಿ ಯಾಮ್ ಗೆಡ್ಡೆಯಿಂದ ಬಂದದ್ದು ಎಂದು ಮಿಸ್ ಇಸಿಲ್ಡಾ. ಎರಡನೇ ವರ್ಷದ್ದು ತನ್ನ ಡಬ್ಬಿ ಮೀನಿನಿಂದ ಎಂದು ಮಾಸ್ ವರ್ನಲ್. ಮೂರನೇ ವರ್ಷದ್ದು ತನ್ನ ಮೆಕ್ಕೆಜೋಳದ ಗಂಜಿಯಿಂದ ಎಂದು ಅಜ್ಜಿ. ಎಲ್ಲದರಲ್ಲೂ ಸ್ವಲ್ಪ ಸ್ವಲ್ಪ ಪ್ರಾರ್ಥನೆಯದು ಎಂದು ಪಾಸ್ಟರ್ ಗೇಯ್ಲ್. ಒಮ್ಮೆ ಮಾಸ್ ವರ್ನಲ್ ಎಲ್ಲರ ಪಾಲನ್ನೂ ಕೂಡಿಸಿ ನೋಡಿದಾಗ ಮೂರು ಸೆಕೆಂಡು ಆಗಿತ್ತು. ಎಲ್ಲರೂ ಹೇಳುವುದು ನಿಜವಾದರೆ ಹುಡುಗ ಒಂಬತ್ತು ಪಾಯಿಂಟ್ ಮೂರರಲ್ಲಿ ಓಡಬೇಕಿತ್ತು, ಅಂದರೆ ಇನ್ನೂ ಭೂಮಿಯ ಮೇಲೆ ಯಾರೂ ಓಡದಷ್ಟು.

ಹಾಗೆ ನೋಡಿದರೆ ಈ ನಾಲ್ಕು ವರ್ಷದಲ್ಲಿ ಊರೇ ಚುರುಕಾಗಿತ್ತು. ನಡೆಯಲೂ ಸೋಮಾರಿಯಾದ ದಪ್ಪ ಗ್ಲಾಡ್‌ಸ್ಟನ್ ಕೂಡ ಜನವರಿಯಲ್ಲಿ ಚೆನ್ನಾಗಿಯೇ ಓಡಿದ್ದ. ಟೀಚರುಗಳ ಓಟದಲ್ಲಿ ಐವತ್ತು ದಾಟಿದ ಅಡುಗೆ ಟೀಚರು ಶಾಲೆಯ ದಾಖಲೆ ಮುರಿದಿದ್ದರು. ನಮ್ಮ ಊರಿನ ನೀರು ಒಳ್ಳೆಯದು ಎಂದು ಎಲ್ಲರೂ ಒಪ್ಪಿಕೊಂಡಿದ್ದರು.

ಹೀಗಾಗಿ ಆ ಗುರುವಾರ ಜೆವಾನ್ ಎಂಟಕ್ಕೆ ಅಜ್ಜಿಯ ಗಂಜಿ ಕುಡಿದ. ಒಂಬತ್ತಕ್ಕೆ ಮಿಸ್ ಇಸಿಲ್ಡಾಳ ಬೇಯಿಸಿದ ಯಾಮು, ಬಾಳೆಕಾಯಿ, ಉಪ್ಪು ಮೀನು. ಹತ್ತಕ್ಕೆ ಮಾಸ್ ವರ್ನಲ್ ಅಂಗಡಿಗೆ ಕರೆದು ಡಬ್ಬಿ ಮೀನಿನ ಜೊತೆ ಮುಷ್ಟಿಗಾತ್ರದ ಬೇಯಿಸಿದ ಹಿಟ್ಟಿನ ಉಂಡೆ ನಾಲ್ಕು ಇಟ್ಟರು.

"ಹೊಟ್ಟೇಲಿ ಜಾಗ ಇಲ್ಲ ಮಾಸ್ ವರ್ನಲ್."

"ಇಸಿಲ್ಡಾ ಯಾಮಿಗೆ ಜಾಗ ಇತ್ತಲ್ಲ?"

"ಇತ್ತು, ಆದ್ರೆ..."

"ಹಾಗಾದ್ರೆ ಕೋಚ್ ಮುಂದೆ ಅವಳ ಹೆಸರು ಹೇಳ್ತೀಯ, ನನ್ನ ಹೆಸರು ಹೇಳಲ್ಲ. ಹೇಳು, ಹಾಗೇ ತಾನೆ?"

ಜೆವಾನ್ ಉಂಡೆ ತಿಂದ. ಹನ್ನೊಂದಕ್ಕೆ ಪಾಸ್ಟರ್ ಮನೆಯಿಂದ ಮೇಕೆ ತಲೆಯ ಸೂಪು ಬಂತು. ಅದನ್ನು ಬೇಡ ಎಂದರೆ ದೇವರಿಗೇ ಬೇಡ ಎಂದಂತೆ. ಮಧ್ಯಾಹ್ನದ ಹೊತ್ತಿಗೆ ಅವನು ನಡೆದರೆ ಒಳಗೆ ಅರ್ಧ ತುಂಬಿದ ಕೊಡದ ಹಾಗೆ ಸದ್ದಾಗುತ್ತಿತ್ತು.

ಆ ಸದ್ದಿನ ಜೊತೆಗೇ ಅವನು ಮೈದಾನಕ್ಕೆ ಹೋಗಿ ನೋಡಿದ. ಗೆರೆ ಇರಲಿಲ್ಲ. ಜನವರಿಯಲ್ಲಿ ನೆಟ್ಟ ಗೂಟಗಳನ್ನು ಮೇಕೆಗಳು ಯಾವಾಗಲೋ ಕಿತ್ತು ಹಾಕಿದ್ದವು. ಓಟದ ದಾರಿ ಎಲ್ಲಿ ಶುರು, ಎಲ್ಲಿ ಕೊನೆ ಎಂದು ಹೇಳಬಲ್ಲವರು ಊರಿನಲ್ಲಿ ಒಬ್ಬರೇ, ಮಾಸ್ ಎಜ್ರಾ.

ಮಾಸ್ ಎಜ್ರಾ ಅವರಿಗೆ ಎಪ್ಪತ್ತೊಂದು. ಹಿಂದೆ ಕಬ್ಬಿನ ಎಸ್ಟೇಟಿನಲ್ಲಿ ಸಾಲು ಅಳೆಯುತ್ತಿದ್ದವರು. ಅವರ ಒಂದು ಹೆಜ್ಜೆ ಎಂದರೆ ಒಂದು ಮೀಟರು, ಕೂದಲೆಳೆಯಷ್ಟೂ ಹೆಚ್ಚಿಲ್ಲ, ಕಮ್ಮಿಯಿಲ್ಲ. ಸರ್ವೆಯವರು ತಮ್ಮ ಸರಪಳಿ ಸರಿಯಿದೆಯೋ ಇಲ್ಲವೋ ನೋಡಲು ಮಾಸ್ ಎಜ್ರಾ ಅವರನ್ನು ನಡೆಸುತ್ತಿದ್ದರು ಎಂದು ಊರಿಗೆಲ್ಲ ಗೊತ್ತಿತ್ತು. ಮಾಸ್ ಎಜ್ರಾ ಅವರೇ ಹೇಳಿದ್ದರು. ಮೂವತ್ತು ವರ್ಷದಿಂದ ಪ್ರತಿ ಜನವರಿ ಅವರು ಚರ್ಚಿನ ಗೇಟಿನ ಕಂಬದಿಂದ ಹೊರಟು ನೂರು ಹೆಜ್ಜೆ ನಡೆದು, ನಿಂತಲ್ಲಿ ಗೂಟ ಹೊಡೆದು, ಸುಣ್ಣದ ಗೆರೆ ಎಳೆಯುತ್ತಿದ್ದರು. ಆಗ ಮೈದಾನದಲ್ಲಿ ಯಾರೂ ಉಸಿರೆತ್ತಬಾರದು. ಲೆಕ್ಕ ತಪ್ಪುತ್ತದೆ.

ಜೆವಾನ್ ಹೋದಾಗ ಅವರು ಜಗುಲಿಯಲ್ಲಿ ಎರಡೂ ಕಾಲು ಚಾಚಿ ಕುರ್ಚಿಗೆ ಅಂಟಿಕೊಂಡಿದ್ದರು. ಈ ಮೊಣಕಾಲು ನಾಲ್ಕು ವರ್ಷದಿಂದ ಕಾಡುತ್ತಿತ್ತು. ಮೊದಲು ಕೊಕ್ಕರೆಯ ಹಾಗೆ ನಡೆಯುತ್ತಿದ್ದವರು ಆಮೇಲೆ ಕೋಲು ಹಿಡಿದಿದ್ದರು. ಈ ಜನವರಿಯಲ್ಲಿ ನೂರು ಹೆಜ್ಜೆ ಮುಗಿಸುವಾಗ ಬಾತುಕೋಳಿಯೊಂದು ನೀರಿಂದ ಎದ್ದು ಬಂದ ಹಾಗಿತ್ತು.

"ಇವತ್ತು ಏಳಕ್ಕಾಗಲ್ಲ ಕಣೋ," ಎಂದರು ಮಾಸ್ ಎಜ್ರಾ. "ಎಡಗಾಲು ಹೂಂ ಅಂದ್ರೆ ಬಲಗಾಲು ಊಹೂಂ ಅನ್ನುತ್ತೆ."

"ನಾಲ್ಕಕ್ಕೆ ಕೋಚ್ ಬರ್ತಾರೆ ಮಾಸ್ ಎಜ್ರಾ. ಗೆರೆ ಇಲ್ದೇ ಹೆಂಗೆ?" ಜೆವಾನ್ ತಲೆ ಕೆರೆದುಕೊಂಡ. "ಶಾಲೇಲಿ ಅಳತೆ ಟೇಪು ಇದೆ ಅಂತ ಕಾಣುತ್ತೆ. ಬೇಕಾದ್ರೆ ನಾನೇ..."

ಮಾಸ್ ಎಜ್ರಾ ಅವನನ್ನು ನೋಡಿದ ರೀತಿಗೆ ಅವನು ಅರ್ಧಕ್ಕೇ ನಿಲ್ಲಿಸಿದ.

"ಟೇಪು," ಎಂದರು ಅವರು ಮೆಲ್ಲಗೆ. "ಟೇಪು ಬಿಸಿಲಿಗೆ ಹಿಗ್ಗುತ್ತೆ, ಮಳೆಗೆ ಕುಗ್ಗುತ್ತೆ. ನನ್ನ ಕಾಲು ಯಾವತ್ತಾದ್ರೂ ಹಿಗ್ಗಿದ್ದು ಕುಗ್ಗಿದ್ದು ನೋಡಿದೀಯಾ?"

"ಇಲ್ಲ."

"ನಿನ್ನ ಹತ್ತು ಪಾಯಿಂಟ್ ಒಂಬತ್ತು ಯಾವ ನೆಲದ ಮೇಲೆ ಬಂತು? ಟೇಪಿನ ನೆಲದ ಮೇಲೋ, ನನ್ನ ನೆಲದ ಮೇಲೋ?"

"ನಿಮ್ಮದೇ, ಮಾಸ್ ಎಜ್ರಾ."

ಮುದುಕರ ಕಣ್ಣಲ್ಲಿ ನೀರು ಬಂದಿತ್ತು. ಅವಮಾನಕ್ಕೋ ನೋವಿಗೋ ತಿಳಿಯಲಿಲ್ಲ. ಜೆವಾನ್‌ಗೆ ತಡೆಯಲಾಗಲಿಲ್ಲ. ಜೇಬಿನಿಂದ ಸೀಸೆ ತೆಗೆದ.

"ಇದು ಮಿಸ್ ಇಸಿಲ್ಡಾ ಮಾಡಿದ್ದು. ಸ್ವಲ್ಪ ಹಚ್ಚಿ ನೋಡಿ. ಸ್ವಲ್ಪ ಮಾತ್ರ."

ಮಾಸ್ ಎಜ್ರಾ ಮುಚ್ಚಳ ತೆಗೆದು ಮೂಸಿದರು. ಮುಖ ಬೆಳಗಿತು. ಇದ್ದುದರಲ್ಲಿ ಅರ್ಧವನ್ನು ಎರಡೂ ಮೊಣಕಾಲಿಗೆ ಸುರಿದು ತಿಕ್ಕಿದರು. ಉಳಿದರ್ಧವನ್ನು, ಜೆವಾನ್ ಕೈ ಚಾಚುವಷ್ಟರಲ್ಲಿ, ಗಟಗಟ ಕುಡಿದರು.

"ಹಚ್ಚೋ ಔಷಧಿ ಅದು," ಎಂದ ಜೆವಾನ್.

"ಒಳಗಿಂದ್ಲೂ ಹತ್ಬೇಕು," ಎಂದರು ಮಾಸ್ ಎಜ್ರಾ.

ಹತ್ತು ನಿಮಿಷ ಏನೂ ಆಗಲಿಲ್ಲ. ಆಮೇಲೆ ಬಲಗಾಲು ಒಮ್ಮೆ ಅದುರಿತು. ಎಡಗಾಲು ಅದಕ್ಕೆ ಉತ್ತರ ಕೊಟ್ಟಿತು. ಮಾಸ್ ಎಜ್ರಾ ಕುರ್ಚಿಯಿಂದ ಎದ್ದು, ಕೋಲನ್ನು ಬಾಗಿಲ ಹಿಂದೆ ಎಸೆದು, ಸುಣ್ಣದ ಡಬ್ಬಿ ಕೈಗೆತ್ತಿಕೊಂಡರು. "ನೀನು ಮನೆಗೆ ಹೋಗು. ನಾನು ಅಳೆಯೋವಾಗ ಯಾರೂ ಇರ್ಬಾರದು," ಎಂದು ಮೆಟ್ಟಿಲನ್ನು ಒಂದೇ ಸಲಕ್ಕೆ ಎರಡೆರಡು ಇಳಿದರು.

ಜೆವಾನ್ ಖಾಲಿ ಸೀಸೆ ಹಿಡಿದು ಮನೆಗೆ ಬಂದ. ಈಗ ಅವನಿಗೆ ಇದ್ದದ್ದು ಒಂದೇ ಚಿಂತೆ. ಮೂರು ಗಂಟೆಗೆ ಮಿಸ್ ಇಸಿಲ್ಡಾ ಬಂದು ಕಾಲು ಮೂಸುತ್ತಾಳೆ.

ಔಷಧಿ ಬೇರೆಯವರಿಗೆ ಕೊಟ್ಟೆ ಎಂದರೆ ಅವಳು ಕೋಚ್ ಬರುವ ಮೊದಲೇ ಅವನ ಕಾಲು ಮುರಿಯುತ್ತಿದ್ದಳು. ಅವನು ಅಡುಗೆಮನೆಯಲ್ಲೆಲ್ಲ ಹುಡುಕಿದ. ಕಿಟಕಿಯ ಬಳಿ ಅಜ್ಜಿಯ ಗಾಜಿನ ಜಾಡಿ ಇತ್ತು. ಕರಿದ ಮೀನಿನ ಮೇಲೆ ಸುರಿಯುವ ವಿನಿಗರ್, ಅದರಲ್ಲಿ ಈರುಳ್ಳಿ, ಪಿಮೆಂಟೊ ಕಾಳು, ಸೀಳಿದ, ನಾಲಿಗೆ ಸುಡುವ ಬಾನೆಟ್ ಮೆಣಸಿನಕಾಯಿ. ಬಣ್ಣ ಸುಮಾರಾಗಿ ಹೊಂದುತ್ತಿತ್ತು. ಅವನು ಸೀಸೆಗೆ ಅರ್ಧ ತುಂಬಿಸಿ ಮುಚ್ಚಳ ಹಾಕುವುದಕ್ಕೂ ಮಿಸ್ ಇಸಿಲ್ಡಾ ಒಳಗೆ ಬರುವುದಕ್ಕೂ ಸರಿಹೋಯಿತು.

"ಇನ್ನೂ ಹಚ್ಚಿಲ್ವಾ? ಕೊಡಿಲ್ಲಿ. ನಾನೇ ಹಚ್ತೀನಿ."

"ನಾನೇ ಹಚ್ಕೋತೀನಿ ಮಿಸ್ ಇಸಿಲ್ಡಾ."

"ನಾಚ್ಕೆ ಏನಕ್ಕೋ? ನಿನ್ನನ್ನ ಹುಟ್ಟಿದ ದಿನದಿಂದ ನೋಡಿದೀನಿ. ಮಲ್ಕೋ ಬೋರಲಾಗಿ."

ಅವಳ ಕೈ ಎಂದರೆ ಮೂವತ್ತು ವರ್ಷ ಬಟ್ಟೆ ಒಗೆದ ಕೈ. ಜೆವಾನ್‌ನ ಮೀನಖಂಡಕ್ಕೆ ಸೀಸೆ ಪೂರ್ತಿ ಸುರಿದು ಚಪಾತಿ ಹಿಟ್ಟಿನ ಹಾಗೆ ನಾದಿದಳು. ಮೊದಲು ಬಿಸಿಯಾಯಿತು. ಆಮೇಲೆ ಉರಿಯಿತು. ಆಮೇಲೆ ಯಾರೋ ಕಾಲಿನ ಮೇಲೆ ಒಲೆ ಹೂಡಿದ ಹಾಗಾಯಿತು. ಜೆವಾನ್ ದಿಂಬು ಕಚ್ಚಿಕೊಂಡ.

"ಉರೀತಾ ಇದೆಯಾ?"

"ಹೂಂ."

"ಅಂದ್ರೆ ಹಿಡೀತಾ ಇದೆ." ಅವಳು ಕೈ ಮೂಸಿಕೊಂಡಳು. ಹುಬ್ಬು ಗಂಟಾಯಿತು. "ಯಾಕೋ ಈ ಸಲದ್ದು ಮೀನಿನ ಊಟದ ಹಾಗೆ ವಾಸನೆ ಬರ್ತಿದೆ. ಬಾಳೆ ಬುಡದ ದೋಷ ಇರ್ಬೇಕು."

ನಾಲ್ಕು ಗಂಟೆಗೆ ಜೆವಾನ್ ಮೈದಾನಕ್ಕೆ ಬಂದಾಗ ಅವನ ಹಿಂದೆ ಐದು ಬೆಕ್ಕು ಬರುತ್ತಿದ್ದವು.

ಊರೇ ನೆರೆದಿತ್ತು. ಕೋಚ್ ಟಲ್ಲಕ್ ಆಗತಾನೆ ಕಾರಿನಿಂದ ಇಳಿದಿದ್ದರು. ಅರವತ್ತರ ಹತ್ತಿರದ ತೆಳ್ಳಗಿನ ಮನುಷ್ಯ, ಕತ್ತಿನಲ್ಲಿ ಓಟದ ಹೊತ್ತು ಅಳೆಯುವ ಗಡಿಯಾರ. ಸುತ್ತ ನೋಡಿ, "ಈ ಊರಿಗೆ ಮುಂಚೆ ಒಂದ್ಸಲ ಬಂದಿದ್ದೆ. ಆ ಅಂಗಡೀಲಿ ಬನ್ನು ಚೀಸು ತಿಂದಿದ್ದೆ," ಎಂದರು.

"ಚೆನ್ನಾಗಿತ್ತಾ?" ಎಂದರು ಮಾಸ್ ವರ್ನಲ್.

"ಬನ್ನು ಹಳೇದು," ಎಂದರು ಕೋಚ್.

ಜೆವಾನ್ ಗೆರೆಯ ಹಿಂದೆ ನಿಂತು ಮುಂದೆ ನೋಡಿದ. ಕೊನೆಯ ಗೆರೆ ದೂರದಲ್ಲಿ, ಸ್ಮಶಾನದ ಬೇಲಿಯ ಹತ್ತಿರ, ಬಿಳಿ ದಾರದ ಹಾಗೆ ಕಾಣುತ್ತಿತ್ತು. ಅದರ ಪಕ್ಕ ಮಾಸ್ ಎಜ್ರಾ ಸೊಂಟದ ಮೇಲೆ ಕೈಯಿಟ್ಟು ಸೈನಿಕನ ಹಾಗೆ ನಿಂತಿದ್ದರು. ಜನವರಿಯಲ್ಲಿ ಗೆರೆ ಮಾವಿನ ಬೊಡ್ಡೆಯ ಪಕ್ಕ ಇದ್ದ ಹಾಗೆ ನೆನಪು. ಪರೀಕ್ಷೆಯ ದಿನ ಎಲ್ಲವೂ ದೂರ ಕಾಣುತ್ತದೆ ಎಂದು ಸಮಾಧಾನ ಮಾಡಿಕೊಂಡ.

ಪಾಸ್ಟರ್ ಗೇಯ್ಲ್ ಪ್ರಾರ್ಥನೆ ಮಾಡಿದರು. ಹುಡುಗನ ಕಾಲು, ಹುಡುಗನ ಉಸಿರು, ಕೋಚ್ ಅವರ ಕಣ್ಣು, ಚರ್ಚಿನ ಸೋರುವ ಚಾವಣಿ, ಎಲ್ಲವನ್ನೂ ದೇವರ ಗಮನಕ್ಕೆ ತಂದರು. ಹನ್ನೊಂದು ನಿಮಿಷ ಆಯಿತು. ಜೆವಾನ್ ಉರಿಯುವ ಕಾಲನ್ನು ಒಂದಾದ ಮೇಲೊಂದು ಎತ್ತುತ್ತಾ ನಿಂತಿದ್ದ. ಒಂದು ಬೆಕ್ಕು ಅವನ ಹಿಮ್ಮಡಿ ನೆಕ್ಕುತ್ತಿತ್ತು.

ಶಿಳ್ಳೆ ಕೇಳಿತು.

ಜೆವಾನ್ ಓಡಿದ. ಹೊಟ್ಟೆಯಲ್ಲಿ ಗಂಜಿ, ಯಾಮು, ಉಂಡೆ, ಮೇಕೆ ತಲೆ ಎಲ್ಲ ಬೇರೆ ಬೇರೆ ದಿಕ್ಕಿಗೆ ಹೊರಟರೂ, ಕಾಲು ಬೆಂಕಿಗೆ ಹೆದರಿ ಮುಂದಕ್ಕೇ ಹೋಯಿತು. ಕೋಳಿ ಅಂಗಡಿಯನ್ನು ನೆನೆದ. ಮಾವಿನ ಬೊಡ್ಡೆ ದಾಟಿತು. ಅಕೀ ಮರ ದಾಟಿತು. ಇನ್ನೂ ಗೆರೆ ಬರಲಿಲ್ಲ. ಕೊನೆಗೂ ಎದೆ ಮುಂದೆ ಮಾಡಿ ದಾಟಿ, ಬೇಲಿಗೆ ಡಿಕ್ಕಿ ಹೊಡೆದು ನಿಂತ.

ಕೋಚ್ ಗಡಿಯಾರ ನೋಡಿದರು. ಇನ್ನೊಮ್ಮೆ ನೋಡಿದರು. ಕಿವಿಗೆ ಹಿಡಿದು ಅಲ್ಲಾಡಿಸಿದರು.

"ಹನ್ನೆರಡು ಪಾಯಿಂಟ್ ಮೂರು," ಎಂದರು.

ಅಂಗಡಿ ಗೋಡೆಯ ಮೊದಲ ಸಾಲು ಎಲ್ಲರಿಗೂ ಬಾಯಿಪಾಠ. ನಾಲ್ಕು ವರ್ಷ ಟೈರು ಎಳೆದು, ದಿಬ್ಬ ಹತ್ತಿ, ಹುಡುಗ ಹೊರಟಲ್ಲಿಗೇ ಬಂದು ನಿಂತಿದ್ದ.

"ಇವನಿಗೆ ತಿನ್ನಿಸಿ ತಯಾರು ಮಾಡಿದ್ದು ಯಾರು?" ಎಂದು ಕೇಳಿದರು ಕೋಚ್.

ಯಾರೂ ಮುಂದೆ ಬರಲಿಲ್ಲ.

"ನನ್ನ ಯಾಮು ಅವನು ತಿಂದಿದ್ದೇ ಅಪರೂಪ," ಎಂದಳು ಮಿಸ್ ಇಸಿಲ್ಡಾ.

"ನಮ್ಮ ಅಂಗಡಿಗೆ ಬರೋನು, ಆದ್ರೆ ತಿಂತಿರಲಿಲ್ಲ," ಎಂದರು ಮಾಸ್ ವರ್ನಲ್.

ಪಾಸ್ಟರ್ ಆಕಾಶ ನೋಡಿದರು. ಅಜ್ಜಿ ಚಿಕ್ಕಪ್ಪ ರಾಯ್ ಕಡೆ ನೋಡಿದಳು. ಚಿಕ್ಕಪ್ಪ ರಾಯ್ ಹುಡುಗನ ಬೆರಳುಗಳನ್ನು ನೋಡುತ್ತಿದ್ದ, ಪುಕ್ಕ ಕೀಳಲು ಸಾಕಾದಷ್ಟು ಉದ್ದ ಇವೆಯೇ ಎಂದು.

ಆದರೆ ಕೋಚ್ ಹೊರಡಲಿಲ್ಲ. "ಮೂವತ್ತೈದು ವರ್ಷದಿಂದ ಓಡೋರನ್ನ ನೋಡ್ತಿದೀನಿ," ಎಂದರು. "ನನ್ನ ಕಣ್ಣಿಗೆ ಇದು ಹನ್ನೆರಡರ ಓಟ ಅಲ್ಲ." ಕಾರಿನ ಹಿಂದಿನಿಂದ ದೊಡ್ಡ ಟೇಪು ತೆಗೆದು, ತಾವೇ ಒಂದು ತುದಿ ಹಿಡಿದು, ಒಂದು ಗೆರೆಯಿಂದ ಇನ್ನೊಂದು ಗೆರೆಗೆ ನಡೆದರು.

"ನೂರ ಒಂಬತ್ತು ಮೀಟರು. ಇದನ್ನ ಅಳೆದೋರು ಯಾರು?"

"ನಾನು," ಎಂದರು ಮಾಸ್ ಎಜ್ರಾ. "ನೂರು ಹೆಜ್ಜೆ. ನಿಮ್ಮ ಟೇಪು ಬಿಸಿಲಿಗೆ ಏನೋ ಆಗಿದೆ."

ಕೋಚ್ ಅವರನ್ನು ಮೇಲಿಂದ ಕೆಳಗೆ ನೋಡಿದರು. "ಪ್ರತಿ ವರ್ಷ ನೀವೇ ಅಳೆಯೋದಾ? ಹಿಂದಿನ ಗೆರೆಗಳು ಎಲ್ಲಿದ್ವು?"

ಇದು ಎಲ್ಲರಿಗೂ ನೆನಪಿತ್ತು, ಏಕೆಂದರೆ ಪ್ರತಿ ವರ್ಷ ಎಲ್ಲರೂ ಕೊನೆಯ ಗೆರೆಯ ಹತ್ತಿರವೇ ಜಾಗ ಹಿಡಿಯುತ್ತಿದ್ದರು. ಮೊದಲ ವರ್ಷ ಇಲ್ಲೇ, ಸ್ಮಶಾನದ ಬೇಲಿಯ ಪಕ್ಕ, ಆಗ ಮಿಸ್ ಇಸಿಲ್ಡಾ ತನ್ನ ಗಂಡನ ಗೋರಿಯ ಮೇಲೇ ಕೂತು ನೋಡಿದ್ದಳು. ಮರುವರ್ಷ ಅಕೀ ಮರದ ನೆರಳಲ್ಲಿ. ಅದರ ಮರುವರ್ಷ ಮುರಿದ ಬೆಂಚಿನ ಹತ್ತಿರ. ಈ ವರ್ಷ ಮಾವಿನ ಬೊಡ್ಡೆಯ ಪಕ್ಕ. ಕೋಚ್ ಒಂದೊಂದನ್ನೂ ಅಳೆದರು. ನೂರ ಒಂಬತ್ತು, ನೂರ ಐದು, ನೂರ ಒಂದು, ತೊಂಬತ್ತಾರು.

"ನಿಮ್ಮ ಮೊಣಕಾಲು ಯಾವಾಗಿಂದ ನೋವು?"

"ನಾಲ್ಕು ವರ್ಷ," ಎಂದರು ಮಾಸ್ ಎಜ್ರಾ. ಹೇಳಿದ ಮೇಲೆ ಅವರಿಗೂ ಏನೋ ಹೊಳೆದ ಹಾಗಾಗಿ ತಮ್ಮ ಕಾಲನ್ನೇ ನೋಡಿಕೊಂಡರು.

ಕೋಚ್ ಕಾರಿನ ಬಾನೆಟ್ ಮೇಲೆ ಚೀಟಿಯಿಟ್ಟು ಗೋಡೆಯ ಲೆಕ್ಕವನ್ನೂ ಟೇಪಿನ ಲೆಕ್ಕವನ್ನೂ ಜೋಡಿಸಿದರು. ಬರೆದು ಮುಗಿಸಿ ಚೀಟಿಯನ್ನು ಜೆವಾನ್ ಕೈಗೆ ಕೊಟ್ಟರು. ನೂರು ಮೀಟರಿಗೆ ಹದಿಮೂರರಲ್ಲಿ ಹನ್ನೊಂದು ಪಾಯಿಂಟ್ ಮೂರು. ಹದಿನಾಲ್ಕರಲ್ಲಿ ಹನ್ನೊಂದು ಪಾಯಿಂಟ್ ಮೂರು. ಹದಿನೈದು, ಹದಿನಾರು, ಇವತ್ತು ಸಂಜೆ, ಎಲ್ಲದಕ್ಕೂ ಹೆಚ್ಚುಕಮ್ಮಿ ಅದೇ.

"ಇಂಥದ್ದು ನಾನು ನೋಡೇ ಇಲ್ಲ," ಎಂದರು ಕೋಚ್. "ಯಾವ ಹುಡುಗನಾದ್ರೂ ಬೆಳೀತಾ ಬೆಳೀತಾ ಸ್ವಲ್ಪ ಸುಧಾರಿಸ್ತಾನೆ, ಸುಮ್ನೆ ಕೂತಿದ್ರೂ. ಬೆಳಗ್ಗಿಂದ ಏನ್ ತಿಂದೆ?"

ಜೆವಾನ್ ಹೇಳಿದ. ಹೇಳಿ ಮುಗಿಸಲು ಸ್ವಲ್ಪ ಹೊತ್ತು ಹಿಡಿಯಿತು.

"ದಿನಾ ಹಿಂಗೇನಾ?"

"ಇವತ್ತು ಮೇಕೆ ತಲೆ ಜಾಸ್ತಿ."

"ಗೊತ್ತಾಯ್ತು," ಎಂದರು ಕೋಚ್. "ನಾಲ್ಕು ವರ್ಷ ದಿಬ್ಬ ಕೊಟ್ಟಿದ್ದನ್ನ ಇವರ ಪಾತ್ರೆಗಳು ವಾಪಸ್ ತಗೊಂಡಿವೆ. ಸರಿಸಮ."

ಜೆವಾನ್ ಚೀಟಿ ಹಿಡಿದು ನಿಂತಿದ್ದ. "ಹನ್ನೊಂದು ಪಾಯಿಂಟ್ ಮೂರು ಕೆಟ್ಟದ್ದಾ ಕೋಚ್?" ಎಂದು ಕೇಳಿದ.

"ಹದಿನಾರು ದಾಟಿದ ಮೇಲೆ? ನನ್ನ ಶಾಲೇಲಿ ಅಷ್ಟರಲ್ಲಿ ಓಡೋರು ಉಳಿದೋರಿಗೆ ನೀರಿನ ಬಾಟ್ಲಿ ಹಿಡೀತಾರೆ." ಕೋಚ್ ಅವನ ಭುಜದ ಮೇಲೆ ಕೈಯಿಟ್ಟರು. ಅವರ ಧ್ವನಿ ಮೆತ್ತಗಾಯಿತು. "ಹದಿಮೂರಕ್ಕೆ ಅಂದ್ರೆ ಬೇರೆ ಮಾತು. ಹದಿಮೂರಕ್ಕೆ ಅಷ್ಟರಲ್ಲಿ ಓಡೋ ಹುಡುಗ ಎಲ್ಲಾದ್ರೂ ಸಿಗ್ತಾನಾ ಅಂತ ನಾನು ಆ ವರ್ಷ ದ್ವೀಪ ಎಲ್ಲಾ ಸುತ್ತಿದೆ. ಒಂದು ಊರು ಬಿಡಲಿಲ್ಲ. ಇಲ್ಲಿಗೂ ಬಂದೆ. ಆ ಅಂಗಡೀಲಿ ಬನ್ನು ತಿಂತಾ ಗೋಡೆ ನೋಡಿದೆ. ಜೆವಾನ್, ಹದಿಮೂರು, ಹನ್ನೆರಡು ಪಾಯಿಂಟ್ ಮೂರು ಅಂತ ಬರೆದಿತ್ತು. ಇಲ್ಲೇನಿಲ್ಲ ಅಂದ್ಕೊಂಡು ಕಾರು ತಿರುಗಿಸಿದೆ."

ಮಾಸ್ ಎಜ್ರಾ ಸುಣ್ಣದ ಡಬ್ಬಿಯನ್ನು ಬೆನ್ನ ಹಿಂದೆ ಹಿಡಿದುಕೊಂಡರು.

ಮೊದಲು ಚೇತರಿಸಿಕೊಂಡವಳು ಮಿಸ್ ಇಸಿಲ್ಡಾ. "ಹದಿಮೂರಕ್ಕೇ ಅಷ್ಟು ಜೋರಾಗಿ ಓಡಿದ್ನಾ? ಅದು ನನ್ನ ಯಾಮಿಂದ್ಲೇ ಕೋಚ್," ಎಂದಳು.

"ನೀನು ಯಾಮು ಕೊಡಕ್ಕೆ ಶುರು ಮಾಡಿದ್ದು ಅವನ ಹದಿಮೂರನೇ ವರ್ಷದ ಓಟ ಆದ್ಮೇಲೆ," ಎಂದರು ಮಾಸ್ ವರ್ನಲ್.

"ಕೊಡ್ಬೇಕು ಅಂತ ಮನಸ್ಸಲ್ಲಿ ಮುಂಚಿಂದ್ಲೇ ಇತ್ತು."

ಕೋಚ್ ಆ ಜಗಳ ಕೇಳುತ್ತಿರಲಿಲ್ಲ. ಅವರು ಮಾಸ್ ಎಜ್ರಾ ಅವರ ಕಾಲನ್ನೇ ನೋಡುತ್ತಿದ್ದರು. "ಒಂದು ವಿಷಯ ಅರ್ಥ ಆಗ್ಲಿಲ್ಲ," ಎಂದರು. "ಜನವರಿಯಲ್ಲಿ ತೊಂಬತ್ತಾರು. ಇವತ್ತು ನೂರ ಒಂಬತ್ತು. ನೋವಿರೋ ಮೊಣಕಾಲಲ್ಲಿ, ಈ ವಯಸ್ಸಲ್ಲಿ ನೀವು ಹದಿಮೂರು ಮೀಟರು ಹೆಂಗೆ ಸುಧಾರಿಸಿದ್ರಿ?"

"ಹುಡುಗ ಒಂದು ಸೀಸೆ ತಂದ," ಎಂದರು ಮಾಸ್ ಎಜ್ರಾ. "ಇಸಿಲ್ಡಾ ಮಾಡಿದ್ದು. ಅರ್ಧ ಹಚ್ಚಿದೆ, ಅರ್ಧ ಕುಡಿದೆ. ಆಮೇಲೆ ನನ್ನ ಕಾಲು ನನ್ನ ಮಾತು ಕೇಳ್ಲಿಲ್ಲ."

ಮಿಸ್ ಇಸಿಲ್ಡಾ ನಿಧಾನವಾಗಿ ಜೆವಾನ್ ಕಡೆ ತಿರುಗಿದಳು. "ಹಾಗಾದ್ರೆ ನಾನು ನಿನ್ನ ಕಾಲಿಗೆ ಹಚ್ಚಿದ್ದೇನೋ?"

ಜೆವಾನ್ ಬೆಕ್ಕುಗಳನ್ನು ನೋಡಿದ. ಬೆಕ್ಕುಗಳು ಅವನನ್ನು ನೋಡಿದವು.

"ಅಜ್ಜಿಯ ಮೀನಿನ ವಿನಿಗರ್," ಎಂದ.

ಅವಳು ಚಪ್ಪಲಿಗೆ ಬಗ್ಗಿದಳು. ಅಷ್ಟರಲ್ಲಿ ಕೋಚ್ ನಡುವೆ ಬಂದು ಅವಳ ಎರಡೂ ಕೈ ಹಿಡಿದುಕೊಂಡರು.

"ಅಮ್ಮಾ, ನನ್ನ ಆರು ಜನ ಒಳ್ಳೇ ಹುಡುಗರು ಮೊಣಕಾಲು ಹಿಡ್ಕೊಂಡು ಕೂತಿದಾರೆ. ಡಾಕ್ಟರು ಮೂರು ತಿಂಗಳು ಅಂತಾರೆ. ನೀವು ಒಂದೇ ಮಧ್ಯಾಹ್ನದಲ್ಲಿ..." ಅವರು ಮಾಸ್ ಎಜ್ರಾ ಕಡೆ ಕೈ ತೋರಿದರು. "ನಮ್ಮ ಶಾಲೆಗೆ ಬರ್ತೀರಾ? ಜಾಗ, ಊಟ, ಹಾಸಿಗೆ ಎಲ್ಲಾ ಇದೆ. ಮಾರ್ಚಲ್ಲಿ ಚಾಂಪ್ಸಿಗೆ ಟೀಮಿನ ಜೊತೆ ಸ್ಟೇಡಿಯಂ ಒಳಗೇ ಕೂರ್ಬಹುದು."

"ಕುಡಿಯೋಕ್ಕೆ ಕೊಡಲ್ಲ. ಹಚ್ಚೋಕ್ಕೆ ಮಾತ್ರ," ಎಂದಳು ಮಿಸ್ ಇಸಿಲ್ಡಾ.

"ಒಪ್ಪಿದೆ."

"ಯಾಮು ತರ್ಬಹುದಾ?"

ಕೋಚ್ ಜೆವಾನ್ ಕಡೆ ಒಂದು ಕ್ಷಣ ನೋಡಿ, "ಯಾಮು ಇಲ್ಲೇ ಬಿಟ್ಟು ಬನ್ನಿ," ಎಂದರು.

ಅರ್ಧ ಗಂಟೆಯಲ್ಲಿ ಅವಳು ಭಾನುವಾರದ ಟೋಪಿ ಹಾಕಿಕೊಂಡು, ಜೆವಾನ್ ಕೂರಬೇಕಾಗಿದ್ದ ಸೀಟಿನಲ್ಲಿ ಕೂತಿದ್ದಳು. ಅವಳ ಪೆಟ್ಟಿಗೆಯನ್ನು ಕಾರಿನವರೆಗೆ ಹೊತ್ತು ತಂದವನು ಜೆವಾನ್. ಕಾರು ಹೊರಟಾಗ ಕಿಟಕಿಯಿಂದ ತಲೆ ಹೊರಹಾಕಿ, "ಕೋಳಿ ಬಿಸಿನೀರಲ್ಲಿ ಕೈ ಒಡೆದ್ರೆ ಹೇಳಿ ಕಳ್ಸು ಮಗಾ, ಒಂದು ಸೀಸೆ ಕಳಿಸ್ತೀನಿ," ಎಂದಳು. ಆ ಮಾತಿನಲ್ಲಿ ಕೋಪ ಇರಲಿಲ್ಲ. ಅದೇ ಅವನಿಗೆ ಹೆಚ್ಚು ಚುಚ್ಚಿತು.

ಜನ ಒಬ್ಬೊಬ್ಬರಾಗಿ ಚದುರಿದರು. ಮಾಸ್ ವ‌ರ್ನಲ್ ನೀಲಿ ಬಣ್ಣದ ಡಬ್ಬಿ ಹಿಡಿದು ಗೋಡೆಯ ಮುಂದೆ ಏನು ಬರೆಯುವುದೆಂದು ತಿಳಿಯದೆ ಬಹಳ ಹೊತ್ತು ನಿಂತಿದ್ದು, ಕೊನೆಗೆ 'ಬನ್ನು ತಾಜಾ ಇದೆ' ಎಂದು ಬರೆದರು.

ಜೆವಾನ್ ಕೊನೆಯ ಗೆರೆಯ ಮೇಲೆ ಕೂತು ಕಾಲು ಚಾಚಿದ್ದ. ಉರಿ ಸ್ವಲ್ಪ ಇಳಿದಿತ್ತು. ಎರಡು ಬೆಕ್ಕು ಎರಡು ಮೀನಖಂಡವನ್ನು ಹಂಚಿಕೊಂಡಿದ್ದವು. ಮಾಸ್ ಎಜ್ರಾ ಮೆಲ್ಲಗೆ ಬಂದರು. ಔಷಧಿಯ ಜೋರು ಇಳಿದು ಅವರ ಹೆಜ್ಜೆ ಮತ್ತೆ ಬಾತುಕೋಳಿಯದಾಗಿತ್ತು. ಬಹಳ ಕಷ್ಟಪಟ್ಟು ಅವನ ಪಕ್ಕದಲ್ಲಿ ಕೂತು, ಸ್ವಲ್ಪ ಹೊತ್ತು ಕೆಮ್ಮಿ, ಆಮೇಲೆ ಅವನ ಮೊಣಕಾಲು ತಟ್ಟಿದರು.

"ತಪ್ಪು ನಂದೇ ಮಗಾ. ಮೊದ್ಲೇ ಕೇಳ್ಬೇಕಿತ್ತು ನಾನು," ಎಂದರು. "ಮುಂದಿನ ಸಲ ಎಷ್ಟು ಸೆಕೆಂಡಲ್ಲಿ ಓಡ್ಬೇಕು ಅಂತ ಒಂದು ದಿನ ಮುಂಚೆ ಹೇಳ್ಬಿಡು. ಅಷ್ಟಕ್ಕೆ ನಡೀತೀನಿ."